ಅಬಾಳ ಪಾಲಿನ ಮೀನು

ನಮ್ಮ ಕಡಲತೀರದ ಊರು ಸೆಕೊಂಡಿಯ ಮಾರ್ಕೆಟ್ಟಿನಲ್ಲಿ ಅಬಾ ಕ್ವಾನ್ಸಿಮಾ ಕೆಂಕಿ ಕಡುಬು ಬೇಯಿಸುತ್ತಿದ್ದಳು; ಪಕ್ಕದಲ್ಲೇ ನಾನು ಮೀನು ಹುರಿಯುತ್ತಿದ್ದೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತುತ್ತಲೇ ಅವಳು ಗಿರಾಕಿಗಳನ್ನು ಅಣಕಿಸಿ ತೋರಿಸಿದರೆ ಸಾಲಿನವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ನಾಟಕದ ಹುಚ್ಚು ಅವಳಿಗೆ ತಾಯಿಯ ಬಸಿರಲ್ಲೇ ಹತ್ತಿರಬೇಕು.

ಊರಿನ ದೊಡ್ಡ ನಾಟಕ ಕಂಪನಿಯಲ್ಲಿ ಮೊದಲ ಎರಡು ವರ್ಷ ಸಂಬಳವಿಲ್ಲ. ತಾಲೀಮು ಬೆಳಗ್ಗೆ, ಕೆಂಕಿ ಬಿಸಿಬಿಸಿಯಾಗಿ ಖರ್ಚಾಗುವ ಹೊತ್ತಿಗೆ. ಅಂದಮೇಲೆ ಅಲ್ಲಿ ಸೇರುವವರು ಯಾರು? ಅಪ್ಪನ ಮನೆಯಲ್ಲಿ ಉಂಡು ಬರುವವರು. ಇದಕ್ಕೆ ಅವರು ಕಲಾಸೇವೆ ಅಂತ ಹೆಸರಿಟ್ಟಿದ್ದರು. ನನಗಂತೂ ಮೈ ಉರಿಯುತ್ತಿತ್ತು.

"ನೀ ಹೋಗೇ, ನಿನ್ನ ಹಂಡೆ ನಾವು ನೋಡ್ಕೋತೀವಿ" ಅಂದೆ. ಎರಡು ವರ್ಷ ನಾವೇ ಸರದಿಯಲ್ಲಿ ಅವಳ ಕೆಂಕಿ ಮಾರಿದೆವು.

ಕೊನೆಗೆ ಅವಳಿಗೆ ವಿಧವೆಯ ಪಾತ್ರ ಸಿಕ್ಕಿತು. ಗೆದ್ದರೆ ಸಂಬಳದ ಕೆಲಸ. ಮೊದಲ ಪ್ರದರ್ಶನ ಕೆಟ್ಟರೆ ಪಾತ್ರ ಬ್ಯಾಂಕ್ ಮ್ಯಾನೇಜರ್ ಮಗಳಿಗೆ ಎಂದು ನಿರ್ದೇಶಕ ಕ್ವೇಸನ್ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು.

ನಾವೆಲ್ಲ ಒಳ್ಳೆಯ ಬಟ್ಟೆ ಉಟ್ಟು ಹೋದೆವು. ಗಂಡನ ಕಡೆಯವರು ಹೊರದಬ್ಬಿದ ವಿಧವೆಯಾಗಿ ಅಬಾ ನೆಲಕ್ಕೆ ಕುಸಿದು, ಒಂದು ತುತ್ತೂ ಕಂಡಿಲ್ಲವೆಂದು ಅತ್ತಳು. ಲಾರಿ ನಿಲ್ದಾಣದಲ್ಲಿ ಆಡುವ ನಮ್ಮ ನಾಟಕಗಳಲ್ಲಿ ಅಳುವವರನ್ನು ನೋಡಿಕೊಂಡು ಯಾರೂ ಸುಮ್ಮನೆ ಕೂರುವುದಿಲ್ಲ. ಮೇಲೆ ಹತ್ತಿ ಕೈಗೆ ಏನಾದರೂ ಕೊಟ್ಟು ಬರುತ್ತೇವೆ. ಕೊಡದವರೂ ಒಂದು ಮನುಷ್ಯರೇ? ಹುರಿದ ಮೀನಿನ ಪೊಟ್ಟಣ ಹಿಡಿದು ವೇದಿಕೆ ಹತ್ತಿದೆ. ಹಿಂದೆಯೇ ಟೊಮೇಟೊ ಮಾರುವ ಎಫುವಾ ಕಣ್ಣೊರೆಸಲು ಕರವಸ್ತ್ರ ತಂದಳು.

ಮುಂದಿನ ಸಾಲಿನ ಸೂಟಿನವರು ಕಿಸಕ್ಕೆಂದರು. ಪರದೆಯ ಮರೆಯಿಂದ ಕ್ವೇಸನ್, "ಇಳೀರಿ ಕೆಳಗೆ! ಇದೇನು ಸಂತೆಯಾ?" ಎಂದು ಗದರಿದರು. ಅಬಾ ನನ್ನ ಮುಖ ನೋಡಿದಳು. ಆಮೇಲೆ ವಿಧವೆಯಾಗಿಯೇ ಪೊಟ್ಟಣ ಬಿಚ್ಚಿ, "ಅಕ್ಕಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಅಂದು ತಿಂದಳು.

ಪಾತ್ರ ಹೋಯಿತು.

ಮರುದಿನ ಹಂಡೆಯ ಮುಂದೆ ಕೂತಿದ್ದವಳಿಗೆ "ನನ್ನಿಂದ ಹೀಗಾಯ್ತಲ್ಲೇ" ಅಂದೆ.

"ಮೀನಿಗೆ ಉಪ್ಪು ಜಾಸ್ತಿಯಾಗಿತ್ತು ಅಕ್ಕ. ಅದು ಬಿಟ್ರೆ ನಿನ್ನ ತಪ್ಪೇನಿಲ್ಲ" ಅಂದಳು. ಕಣ್ಣು ಮಾತ್ರ ಊದಿಕೊಂಡಿತ್ತು.

ಆ ಶನಿವಾರವೇ ಮೀನು ಒಣಗಿಸುವ ಅಂಗಳದಲ್ಲಿ ತಾನೇ ಕಟ್ಟಿದ ಕತೆಯೊಂದನ್ನು ಆಡಿದಳು. ಈಗ ಅವಳದೊಂದು ತಂಡವೇ ಇದೆ. ಜನ ಕೊಟ್ಟದ್ದನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಅಂಗಳ ತುಂಬಿದ ದಿನ ಅವಳ ಮುಖ ನೋಡಬೇಕು!

ಮೊನ್ನೆ ಬ್ಯಾಂಕ್ ಮ್ಯಾನೇಜರ್ ಮಗಳೇ ಹುಡುಕಿಕೊಂಡು ಬಂದಳು. ಪಾಪ, ಒಳ್ಳೆಯ ಹುಡುಗಿ.

"ಕಂಪನೀಲಿ ಎಷ್ಟು ಅತ್ರೂ ಯಾರೂ ಎದ್ದು ಬರಲ್ಲ. ನನ್ನೂ ಸೇರಿಸ್ಕೊಳ್ಳಿ ಅಕ್ಕ. ನಂಗೆ ಪಾಲು ಬೇಡ, ಮನೇಲಿ ಅಪ್ಪ ಇದ್ದಾರೆ."

"ಪಾಲು ಬೇಡ ಅನ್ನೋದಾದ್ರೆ ಬರಲೇಬೇಡ" ಅಂದಳು ಅಬಾ, ಕೆಂಕಿ ಬಿಚ್ಚಿ ಅವಳ ಕೈಗಿಡುತ್ತಾ. "ನೀನು ಬಿಟ್ಟಿ ಅತ್ರೆ, ನಾಳೆ ಅಪ್ಪ ಇಲ್ಲದೋಳಿಗೂ ಬಿಟ್ಟಿ ಅಳು ಅಂತಾರೆ."

ಹುಡುಗಿ ತಲೆ ತಗ್ಗಿಸಿ ತಿನ್ನತೊಡಗಿದಳು. ನಾನು ಅವಳ ಕೆಂಕಿಯ ಮೇಲೊಂದು ಮೀನು ಇಟ್ಟೆ.