ಗಿರಿಜಾಳ ಕಂಪ್ಯೂಟರಿಗೆ ನಾನು ಕೊಟ್ಟ ವೇಗ

ನಮ್ಮ ಮನೆಯ ಗೋಡೆ ಗಡಿಯಾರ ಹನ್ನೆರಡು ನಿಮಿಷ ಮುಂದಿದೆ. ಅದನ್ನು ಮುಂದಿಟ್ಟವನು ನಾನೇ. ಹನ್ನೆರಡು ನಿಮಿಷ ಮುಂದಿದೆಯೆಂಬುದನ್ನು ಒಂದು ದಿನವೂ ಮರೆಯದೆ, ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿ, ನಿಶ್ಚಿಂತೆಯಿಂದ ತಡವಾಗಿ ಹೊರಡುವವನೂ ನಾನೇ. ಹೊನ್ನಾಳಿಯಲ್ಲಿ ನಾನು ಕಾಫಿ ಕುಡಿದ ಮನೆಗಳ ಪೈಕಿ ಅರ್ಧದಷ್ಟರಲ್ಲಿ ಗಡಿಯಾರಗಳಿಗೆ ಈ ಆತುರದ ವ್ಯಾಧಿ ಇದೆ. ಹೀಗೆ ಕಾಲಕ್ಕೇ ಟೋಪಿ ಹಾಕುವ ಗೃಹವಿದ್ಯೆಯಲ್ಲಿ ಪಳಗಿದ ನನಗೆ, ಅರವತ್ತೊಂದನೆಯ ವಯಸ್ಸಿನಲ್ಲಿ 'ಓವರ್‌ಕ್ಲಾಕಿಂಗ್' ಎಂಬ ಪದ ಮೊದಲ ಸಲ ಕಿವಿಗೆ ಬಿದ್ದಾಗ ಅದು ಪರಕೀಯವೆನಿಸಲೇ ಇಲ್ಲ. ಗಡಿಯಾರವನ್ನು ಮೀರಿ ಓಡಿಸುವುದು! ಹೆಸರೊಂದು ಗೊತ್ತಿರಲಿಲ್ಲವೇ ಹೊರತು, ಕಸುಬು ನನ್ನದೇ ಆಗಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಒಡಲಲ್ಲಿ ಒಂದು ತಾಳ ಸದಾ ಬೀಳುತ್ತಿರುತ್ತದೆ. ಆ ತಾಳಕ್ಕೆ ತಕ್ಕಂತೆ ಅದರ ಅಂಗಾಂಗಗಳೆಲ್ಲ ಕೆಲಸ ಮಾಡುತ್ತವೆ. ತಯಾರಿಸಿದವರು ಇಂತಿಷ್ಟೇ ವೇಗವೆಂದು ನಿಗದಿ ಮಾಡಿ ಕಳಿಸಿದ್ದನ್ನು, ನಾವು ಮನೆಯಲ್ಲಿ ಕೂತು, 'ಇವನಿಗೆ ಇನ್ನೂ ಓಡುವ ಶಕ್ತಿ ಇದೆ' ಎಂದು ಹೆಚ್ಚಿಸಿಬಿಡುವುದೇ ಓವರ್‌ಕ್ಲಾಕಿಂಗ್. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನ್ಯಾಮತಿ, ಚನ್ನಗಿರಿ, ಕೊನೆಗೆ ಹೊನ್ನಾಳಿ ಎಂದು ಹೈಸ್ಕೂಲುಗಳಲ್ಲಿ ಭೌತಶಾಸ್ತ್ರ ಬೋಧಿಸಿದ ನಾನು ಮಕ್ಕಳಿಗೆ ಮಾಡಿದ್ದೂ ಇದನ್ನೇ. ಉಳಿದ ಮೇಷ್ಟ್ರುಗಳು ಫೆಬ್ರವರಿಯಲ್ಲಿ ಮುಗಿಸುವ ಪಾಠಗಳನ್ನು ನಾನು ದೀಪಾವಳಿಗೆ ಮುಗಿಸುತ್ತಿದ್ದೆ. 'ನಮ್ಮ ಮೇಷ್ಟ್ರು ಬೆಳಕಿನ ಪಾಠವನ್ನು ಬೆಳಕಿನ ವೇಗದಲ್ಲೇ ಮಾಡ್ತಾರೆ' ಎಂದು ಹುಡುಗರು ಆಡಿಕೊಳ್ಳುತ್ತಿದ್ದುದನ್ನು ಬಹಳ ವರ್ಷ ಪ್ರಶಂಸೆಯೆಂದೇ ತಿಳಿದಿದ್ದೆ.

ನನ್ನ ಹೆಂಡತಿ ಗಿರಿಜಾ ಬೇರೆ ಧಾತುವಿನವಳು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಕೆ ನರ್ಸಮ್ಮ. ನನ್ನ ಕೆಲಸ ಇಲ್ಲಿ, ಅವಳದು ಅಲ್ಲಿ. ನಮ್ಮ ದಾಂಪತ್ಯದ ಬಹುಭಾಗ ನಡೆದದ್ದು ಶನಿವಾರದ ಬಸ್ಸುಗಳಲ್ಲಿ. ಅಲ್ಲಿ ಅವಳು ಏನು ಕಂಡಳು, ಯಾರ ಮನೆಯ ಯಾವ ಮೂಲೆಯಲ್ಲಿ ಯಾವ ಮಗುವನ್ನು ಕೈಯಲ್ಲಿ ಹಿಡಿದಳು ಎಂದು ನಾನು ಕೇಳಿದವನಲ್ಲ. ಭಾನುವಾರ ಸಂಜೆ ಹೊರಡುವ ಆತುರದಲ್ಲಿ ಕೇಳಲು ಪುರಸೊತ್ತಾದರೂ ಎಲ್ಲಿತ್ತು?

ನಿವೃತ್ತಳಾದ ಮೇಲೆ ಅದನ್ನೆಲ್ಲ ಬರೆಯುತ್ತೇನೆಂದಳು. ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯಿಂದ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟೆ. ಅವಳು ಬಲಗೈಯ ತೋರುಬೆರಳೊಂದರಿಂದಲೇ ಟೈಪ್ ಮಾಡುತ್ತಿದ್ದಳು. ದಿನಕ್ಕೆ ಅರ್ಧ ಪುಟ ಆದರೆ ಆ ದಿನ ಹಬ್ಬ. ಕೀಲಿ ಒತ್ತಿದರೆ ಅಕ್ಷರ ತಕ್ಷಣ ಮೂಡುತ್ತಿರಲಿಲ್ಲ. ಮೊದಲು ತಲೆಕಟ್ಟು, ಸ್ವಲ್ಪ ತಡೆದು ಒತ್ತಕ್ಷರ. ಅವಳು ಬೆರಳೆತ್ತಿ, ಪರದೆಯನ್ನೇ ನೋಡುತ್ತ ಕಾಯುತ್ತಿದ್ದಳು. ಹಿಂದೆ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ನನಗೆ ಆ ಕಾಯುವಿಕೆ ಹಲ್ಲುನೋವಿನಂತೆ.

"ಎಷ್ಟು ನಿಧಾನ ಐತಲ್ಲೇ ಇದು!" ಎಂದೆ ಒಂದು ದಿನ.

"ತಲೆ ಬಂತಲ್ಲ, ಮೈ ಹಿಂದೇನೇ ಬರ್ತೈತೆ ಬಿಡ್ರಿ. ಎಳೀಬಾರ್ದು" ಎಂದು ನಕ್ಕಳು.

ಇಷ್ಟು ಹೆರಿಗೆಗಳನ್ನು ಮಾಡಿಸಿದವಳ ಮಾತು ಅದು. ಅರ್ಥವಾಗಬೇಕಿತ್ತು. ಆದರೆ ನಾನು ಆಗಲೇ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಬಿಟ್ಟಿದ್ದೆ. ಅದರಲ್ಲಿ ಒಬ್ಬ ಗಡ್ಡದ ಯುವಕ ಹಳೆಯ ಕಂಪ್ಯೂಟರೊಂದರ ತಾಳ ಹೆಚ್ಚಿಸಿ, ಚಪ್ಪಾಳೆ ತಟ್ಟಿಕೊಂಡು, 'ಇಷ್ಟೇ!' ಎನ್ನುತ್ತಿದ್ದ. 'ಇಷ್ಟೇ' ಎನ್ನುವವರನ್ನು ನಂಬುವುದು ನನ್ನ ಜನ್ಮಜಾತ ದೌರ್ಬಲ್ಯ.

ಒಂದು ಭಾನುವಾರ ಗಿರಿಜಾ ತಂಗಿಯ ಮಗಳ ಸೀಮಂತಕ್ಕೆಂದು ಚನ್ನಗಿರಿಗೆ ಹೋದಳು. ಬೆನ್ನುನೋವೆಂದು ಸುಳ್ಳು ಹೇಳಿ ನಾನು ಉಳಿದೆ. ಅವಳ ಬಸ್ಸು ಹೊರಟಿತೋ ಇಲ್ಲವೋ, ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕಿದೆ. ಮೊದಲು ಅವಳ ಬರಹವನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ. ಅಷ್ಟು ವಿವೇಕ ಇತ್ತು. ಕಂಪ್ಯೂಟರು ಏಳುವಾಗಲೇ ಒಂದು ಕೀಲಿ ಒತ್ತಿ ಹಿಡಿದರೆ ನೀಲಿ ಪರದೆಯೊಂದು ತೆರೆದುಕೊಳ್ಳುತ್ತದೆ. ಅಲ್ಲಿರುವುದೆಲ್ಲ ಬರೀ ಅಂಕಿಗಳು. ತಾಳದ ಅಂಕಿಯನ್ನು ಹುಡುಕಿ ಐದು ಹೆಚ್ಚಿಸಿದೆ. ಯಂತ್ರ ಒಮ್ಮೆ ಆರಿ, ನನ್ನ ಎದೆಯನ್ನೂ ಒಮ್ಮೆ ಆರಿಸಿ, ಮತ್ತೆ ಎದ್ದಿತು. ನಾನು ನಿಜಕ್ಕೂ ಚಪ್ಪಾಳೆ ತಟ್ಟಿದೆ.

ಮರುದಿನ ಅವಳು ಬರೆಯಲು ಕೂತಾಗ ಬಾಗಿಲಲ್ಲೇ ನಿಂತು ಕೇಳಿದೆ: "ಹೆಂಗೈತೆ?"

"ಯಾವುದು?"

"ಕಂಪ್ಯೂಟರು. ಸ್ಪೀಡಾಗಿಲ್ವಾ?"

ಅವಳು ಎರಡು ಸಾಲು ಟೈಪ್ ಮಾಡಿ ನೋಡಿ, "ಹಂಗೇ ಐತಲ್ರೀ" ಎಂದಳು.

ಆ 'ಹಂಗೇ' ನನ್ನ ಸ್ವಾಭಿಮಾನವನ್ನು ಚುಚ್ಚಿತು. ಅವಳು ಸಂತೆಗೆ ಹೋದ ಹೊತ್ತಿನಲ್ಲಿ ಅಂಕಿಯನ್ನು ಇನ್ನಷ್ಟು ಏರಿಸಿದೆ. ಆಮೇಲೆ ಯಂತ್ರ ಆಗಾಗ ಅಕಾರಣವಾಗಿ ಆರಿ ತಾನೇ ಏಳತೊಡಗಿತು. ಹೊಸ ನೊಗಕ್ಕೆ ಎತ್ತು ಒಗ್ಗುವ ತನಕ ಹೀಗೇ ಎಂದುಕೊಂಡೆ. ಪ್ರತಿ ಭಾನುವಾರ ಅವಳ ಬರಹವನ್ನು ಪೆನ್‌ಡ್ರೈವಿಗೆ ಹಾಕುತ್ತಿದ್ದೆ. 'ಹಳೆಯದರ ಮೇಲೆ ಹೊಸದನ್ನು ಬರೆಯಲೇ?' ಎಂದು ಕಂಪ್ಯೂಟರು ವಿನಯದಿಂದ ಕೇಳುತ್ತಿತ್ತು. ಒಳಗೇನಿದೆಯೆಂದು ಒಮ್ಮೆಯೂ ತೆರೆದು ನೋಡದೆ, ಹೌದು ಎನ್ನುತ್ತಿದ್ದೆ.

ನಾಲ್ಕನೆಯ ವಾರ, ಸೋಮವಾರ ಬೆಳಿಗ್ಗೆ, ಗಿರಿಜಾ ಕರೆದಳು. "ರೀ, ಸ್ವಲ್ಪ ಬರ್ರಿ ಇಲ್ಲಿ."

ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ಕೆಳಗೆ ಸರಿಸಿದೆ, ಇನ್ನೂ ಕೆಳಗೆ ಸರಿಸಿದೆ. ಹದಿನಾಲ್ಕು ತಿಂಗಳ ಬರಹದಲ್ಲಿ ಅಲ್ಲೊಂದು 'ಅವರ', ಇಲ್ಲೊಂದು 'ನೀರು' ಬಿಟ್ಟರೆ ಓದಬಹುದಾದ ಪದವಿರಲಿಲ್ಲ. ಪೆನ್‌ಡ್ರೈವನ್ನು ತಂದು ಸಿಕ್ಕಿಸಿದೆ. ಅದರಲ್ಲೂ ಅದೇ ಚೌಕಗಳು. ಹಿಂದಿನ ದಿನವಷ್ಟೇ ಕೆಟ್ಟದ್ದನ್ನು ನಾನೇ ಒಳ್ಳೆಯದರ ಮೇಲೆ ಜೋಪಾನವಾಗಿ ಬರೆದಿಟ್ಟಿದ್ದೆ.

ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಯ ನಸರುಲ್ಲಾರ ಬಳಿಗೆ ಒಯ್ದೆ. ಅವರ ಮಗಳು ನನ್ನ ಶಿಷ್ಯೆ. ಹಾಗಾಗಿ ಒಂದಿಷ್ಟು ಗೌರವ ಹೆಚ್ಚು. ನೀಲಿ ಪರದೆಯನ್ನು ತೆರೆದು ನೋಡಿ ಅವರು ಹುಬ್ಬೇರಿಸಿದರು.

"ಇದರ ಸ್ಪೀಡ್ ಯಾರು ಮುಟ್ಟಿದ್ದು ಮೇಷ್ಟ್ರೇ?"

"ಯಾರೂ ಇಲ್ಲ. ಬಂದಾಗ್ಲೇ ಹಂಗಿತ್ತೇನೋ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಮತ್ತೆ ಪರದೆಗೆ ತಿರುಗಿದರು. "ಸ್ಪೀಡ್ ಏರಿಸಿದ್ರೆ ಲೆಕ್ಕ ಮಾಡೋ ಪ್ರೊಸೆಸರ್ ಒಂದೇ ಓಡಲ್ಲ ನೋಡ್ರಿ, ಬರಹ ಇಟ್ಕೊಳ್ಳೋ ಡಿಸ್ಕಿಗೆ ಬರೆಯೋದೂ ಅದರ ಜತೆ ಓಡ್ತೈತೆ. ಅದಕ್ಕೆ ಅಷ್ಟು ತಾಕತ್ತಿರಲ್ಲ, ತಪ್ಪುತಪ್ಪು ಬರೀತೈತೆ. ನಿಮ್ಮ ಪ್ರೊಸೆಸರ್ ಪಾಪ ಮೊದಲೂ ಸುಮ್ನೇ ಕೂತಿತ್ತು. ನಿಧಾನ ಇದ್ದಿದ್ದು ಹಳೇ ಡಿಸ್ಕು."

ಎರಡು ದಿನ ಹೆಣಗಾಡಿ ಅವರು ಕೈಚೆಲ್ಲಿದರು. ಮೂರು ದಶಕ ವಿಜ್ಞಾನ ಬೋಧಿಸಿದ ಮಹಾಶಯ ರೋಗವಿಲ್ಲದ ಅಂಗಕ್ಕೆ ಶಸ್ತ್ರಚಿಕಿತ್ಸೆ ಮಾಡಿ, ರೋಗಿಯನ್ನೇ ಕೊಂದಿದ್ದ.

ಮನೆಗೆ ಬಂದು ಗಿರಿಜಾಳಿಗೆ ಹೇಳಿದೆ: "ಕರೆಂಟು ಹೋಗಿ ಬಂದು ಮಾಡ್ತಿತ್ತಲ್ಲ, ಅದರಿಂದ ಆಗೈತಂತೆ."

ನಮ್ಮೂರಲ್ಲಿ ಕರೆಂಟಿನ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ. ಅವಳೂ ನಂಬಿದಳು. ಪಕ್ಕದ ಮನೆಯವರು ಕೇಳಿದಾಗ, "ಕರೆಂಟು ತಿಂದಾಕ್ತು ನೋಡ್ರಿ" ಎಂದು ಅವಳು ಹೇಳುವುದನ್ನು ಹಿತ್ತಲಲ್ಲಿ ನಿಂತು ಕೇಳಿಸಿಕೊಂಡೆ. ಕಂಪ್ಯೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತನ್ನ ಹಳೆಯ ವಾಯಲ್ ಸೀರೆಯೊಂದನ್ನು ಮಡಿಸಿ ಹೊದಿಸಿದಳು. ಅಳಲಿಲ್ಲ. ಅತ್ತಿದ್ದರೆ ಬಹುಶಃ ಆವತ್ತೇ ನಿಜ ಹೇಳುತ್ತಿದ್ದೆ. ನನ್ನ ಹೇಡಿತನದ ಹೊಣೆಯನ್ನೂ ಹೀಗೆ ಅವಳ ಮೇಲೇ ಹಾಕುವ ಚಾಳಿ ಇನ್ನೂ ಹೋಗಿಲ್ಲ, ನೋಡಿ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಗಿರಿಜಾ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದಳು.

"ಏನಾತು?" ಎಂದೆ.

"ಆಯಮ್ಮನ ಹೆಸರು ನೆನಪಾಗ್ವಲ್ದು."

"ಯಾವ ಅಮ್ಮ?"

ಅವಳು ಹೇಳಿದಳು. ನೌಕರಿಗೆ ಸೇರಿದ ಮೊದಲ ವರ್ಷ. ಹೊಸದಾಗಿ ಮದುವೆಯಾಗಿ ಆ ಹಳ್ಳಿಗೆ ಬಂದಿದ್ದ ಹುಡುಗಿ. ಹೆರಿಗೆ ಕಷ್ಟವಾಗಿ ಟ್ರ್ಯಾಕ್ಟರಿನಲ್ಲಿ ಜಗಳೂರು ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ, ಗಿರಿಜಾಳ ತೊಡೆಯ ಮೇಲೆ, ತಾಯಿಯೂ ಹೋದಳು, ಮಗುವೂ ಹೋಯಿತು. ಅಂದಿನಿಂದ ದಿನಾ ದೀಪ ಹಚ್ಚಿದ ಮೇಲೆ ಆ ಹೆಸರನ್ನು ಒಂದು ಸಲ ಹೇಳಿಕೊಳ್ಳುತ್ತಿದ್ದಳಂತೆ. ದೀಪದ ಮುಂದೆ ಅವಳ ತುಟಿ ಅಲ್ಲಾಡುವುದನ್ನು ನಾನೂ ಅಷ್ಟು ವರ್ಷ ನೋಡಿದ್ದೆ. ಯಾವುದೋ ಶ್ಲೋಕ ಎಂದುಕೊಂಡಿದ್ದೆ.

"ಕಂಪ್ಯೂಟರಿನಾಗೆ ಮೊದಲು ಬರೆದಿದ್ದೇ ಆಯಮ್ಮನ್ನ. ಹೆಸರು ಟೈಪ್ ಮಾಡಾಕೆ ಮೂರು ಸಲ ತಪ್ಪಿತ್ತು, ನಡುವೆ ಒಂದು ಕಷ್ಟದ ಒತ್ತಕ್ಷರ ಇತ್ತು. ಬರೆದು ಮುಗಿಸಿದ ದಿನ, ಇನ್ನು ಇಲ್ಲಿ ಇರ್ತೈತಲ್ಲ, ನಾನು ಹೊತ್ಕೊಂಡು ತಿರುಗೋದು ಬ್ಯಾಡ ಅನ್ನಿಸ್ತು. ದೀಪದ ಮುಂದೆ ಹೇಳೋದು ಬಿಟ್ಟೆ." ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟು ಅಂದಳು: "ಬಿಡಬಾರ್ದಿತ್ತು."

ಮರುವಾರ ಆ ಹೆಸರನ್ನು ಹುಡುಕಿಕೊಂಡು ಇಬ್ಬರೂ ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಮೇಲೆ ಆ ಹಳ್ಳಿಗೆ ಹೋಗುವ ಬಸ್ಸು ಹಿಡಿದೆವು. ಮೆಕ್ಕೆಜೋಳ ಕೊಯ್ದಾದ ಹೊಲಗಳಲ್ಲಿ ಕುರಿ ಬಿಟ್ಟಿದ್ದರು. ಹಳ್ಳಿಯಲ್ಲಿ ಇಳಿದ ಐದು ನಿಮಿಷಕ್ಕೇ "ನರ್ಸಮ್ಮ ಬಂದವ್ರೆ" ಎಂದು ಸುದ್ದಿಯಾಯಿತು. ಮೀಸೆ ಬಂದ ಗಂಡಸರನ್ನು ಅವರ ತಾಯಂದಿರು ರಟ್ಟೆ ಹಿಡಿದು ಎಳೆತಂದು, "ಇವನ್ನ ನೀವೇ ಎತ್ಕೊಂಡಿದ್ದು" ಎಂದು ತೋರಿಸಿದರು. ಗಿರಿಜಾ ಒಬ್ಬೊಬ್ಬರ ಹೆಸರನ್ನೂ, ತೂಕವನ್ನೂ ಹೇಳಿದಳು. ಈ ಊರಿನಲ್ಲಿ ನನ್ನ ಹೆಂಡತಿ ಇಷ್ಟು ದೊಡ್ಡವಳೆಂದು ನನಗೆ ಗೊತ್ತಿರಲಿಲ್ಲ. ಅದೆಲ್ಲ ಆ ಬರಹದಲ್ಲಿತ್ತು. 'ಮುಗೀಲಿ, ಆಮೇಲೆ ಓದ್ರಂತೆ' ಎಂದಿದ್ದಳು.

ಬೇಕಾಗಿದ್ದ ಹೆಸರೊಂದು ಮಾತ್ರ ಸಿಗಲಿಲ್ಲ. ಉಪಕೇಂದ್ರಕ್ಕೆ ಹೊಸ ಕಟ್ಟಡವಾಗಿತ್ತು. ಅಷ್ಟು ಹಿಂದಿನ ರಿಜಿಸ್ಟರುಗಳು ಎಲ್ಲಿವೆಯೋ ಈಗಿನ ಸಿಸ್ಟರಿಗೆ ತಿಳಿಯದು. ಗಂಡನ ಮನೆಯವರು ಎಂದೋ ಊರು ಬಿಟ್ಟಿದ್ದರು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಹನುಮಕ್ಕ ಎಂಬ ಮುದುಕಿಗೆ ಆ ಟ್ರ್ಯಾಕ್ಟರು ಚೆನ್ನಾಗಿ ನೆನಪಿತ್ತು. "ಆಯಮ್ಮನಾ? ಬ್ಯಾರೆ ಊರಿಂದ ಬಂದಾಕೆ. ಬಂದು ವರ್ಷನೂ ತುಂಬಿರ್ಲಿಲ್ಲ. ನಾವು ಹೊಸ ಸೊಸೆ, ಹೊಸ ಸೊಸೆ ಅಂತ ಕರೀತಿದ್ವಿ. ಹೆಸರು ಯಾರು ಕೇಳಿದ್ರು?"

ಗಿರಿಜಾ ಆ ಮುದುಕಿಯ ಕೈ ಹಿಡಿದು, ಅದುಮಿ, ಎದ್ದಳು.

ಬಸ್ಸಿಗಾಗಿ ರಸ್ತೆಯ ಪಕ್ಕ ನಿಂತಿದ್ದಾಗ ನಾನು ಹೇಳಿದೆ. "ಗಿರಿಜಾ, ಕರೆಂಟಿಂದಾಗಿದ್ದಲ್ಲ ಅದು. ನಾನು ಮಾಡಿದ್ದು." ಸೀಮಂತದ ಭಾನುವಾರದಿಂದ ಹಿಡಿದು ಪೆನ್‌ಡ್ರೈವಿನ ತನಕ, ನಸರುಲ್ಲಾರಿಗೆ ಹೇಳಿದ ಸುಳ್ಳೂ ಸೇರಿದಂತೆ, ಎಲ್ಲವನ್ನೂ ಹೇಳಿದೆ. ಜೀವಮಾನದಲ್ಲಿ ಇಷ್ಟು ನಿಧಾನವಾಗಿ ಯಾವ ಪಾಠವನ್ನೂ ಮಾಡಿರಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತ ಕೇಳಿಸಿಕೊಂಡಳು. ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟು ಖಾಲಿ ಇತ್ತು; ಕೂರಲು ಧೈರ್ಯ ಸಾಲದೆ ನಾನು ಕಂಬಿ ಹಿಡಿದು ನಿಂತೇ ಇದ್ದೆ.

ಜಗಳೂರು ದಾಟಿದ ಮೇಲೆ ತಲೆಯೆತ್ತಿ ಕೇಳಿದಳು. "ಎಲ್ಲಾ ನೀವು ಅಂದ್ಕೊಂಡಂಗೇ ಆಗಿದ್ದಿದ್ರೆ, ಅಕ್ಷರ ಮೊದಲಿಗಿಂತ ಎಷ್ಟು ಬೇಗ ಬರ್ತಿತ್ತು?"

ನಾನು ಭೌತಶಾಸ್ತ್ರದ ಮೇಷ್ಟ್ರು. ಉತ್ತರ ನನಗೆ ಗೊತ್ತಿತ್ತು.

"ಕಣ್ಣು ಮಿಟುಕಿಸೋ ಅಷ್ಟೂ ಇಲ್ಲ" ಎಂದೆ.

ಅವಳು ತಲೆಯಾಡಿಸಿ ಕಿಟಕಿಯತ್ತ ತಿರುಗಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿಗಳು ಅಲ್ಲಾಡತೊಡಗಿದವು. ಬಾಗಿ ಕಿವಿಗೊಟ್ಟೆ. ರತ್ನಮ್ಮ, ಭಾಗ್ಯಮ್ಮ, ಪುಷ್ಪ, ದುರ್ಗವ್ವ, ಲಕ್ಷ್ಮಕ್ಕ, ಚಂದ್ರಮ್ಮ. ಒಂದೊಂದು ಹೆಸರನ್ನೂ ಹೇಳಿ, ಆಯಮ್ಮನದು ಇದೇನಾ ಎಂಬಂತೆ ಸ್ವಲ್ಪ ಕಾದು, ಮುಂದಕ್ಕೆ ಹೋಗುತ್ತಿದ್ದಳು. ಬಸ್ಸು ದಾವಣಗೆರೆಯ ಸ್ಟ್ಯಾಂಡಿನೊಳಗೆ ತಿರುಗಿ ಎಲ್ಲರೂ ಎದ್ದು ನಿಂತರೂ, ಯಾವ ಹೆಸರಿಗೂ ಅವಳ ತುಟಿ ನಿಂತಿರಲಿಲ್ಲ.