ಹರಣಿಗೆ ಯಾವ ಭಾಷೆ?

ನಾಯಿಗೂ ಮಾತೃಭಾಷೆ ಹುಡುಕಿದ ಮಹಾನುಭಾವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಮೊದಲು ನಮ್ಮ ನೆರೆಮನೆಯ ಸಾವಕ್ಕನ ವಿಷಯ ಹೇಳಬೇಕು.

ಸಾವಕ್ಕ ನಮ್ಮೂರು ಜುಗೂಳದ ಕುರಿಗಾರರ ಸೊಸೆ. ತವರು ಹೊಳೆಯಾಚೆ, ಮಹಾರಾಷ್ಟ್ರದಲ್ಲಿ. ಮದುವೆಯಾಗಿ ಬರುವಾಗ ಸೆರಗಿನಲ್ಲಿ ಒಂದು ಬೇಟೆನಾಯಿಯ ಮರಿ ಕಟ್ಟಿಕೊಂಡು ಬಂದಳಂತೆ. ಅತ್ತೆ ಮೂಗು ಮುರಿದಳು. ನಾನು ಕಾಣುವ ಹೊತ್ತಿಗೆ ಆ ಮರಿಯ ಸಂತಾನ ಅರ್ಧ ಊರಿನ ಅಂಗಳದಲ್ಲಿತ್ತು. ಜನರೊಡನೆ ಸಾವಕ್ಕನದು ಅಚ್ಚ ಕನ್ನಡ, ನಾಯಿಗಳೊಡನೆ ಮಾತ್ರ ತವರಿನ ಮರಾಠಿ. 'ಬಸ್' ಎಂದರೆ ಕೂಡಬೇಕು, 'ಊಠ' ಎಂದರೆ ಏಳಬೇಕು.

ಅಥಣಿಯ ಜಾನುವಾರು ಪ್ರದರ್ಶನದಲ್ಲಿ ಮಕ್ಕಳು ನಾಯಿ ತೋರಿಸುವ ಸ್ಪರ್ಧೆ ಶುರುವಾದ ಮೇಲೆ ಅವಳಿಗೆ ಪುರುಸೊತ್ತೇ ಇಲ್ಲ. ಶಾಲೆ ಬಿಟ್ಟೊಡನೆ ಮಕ್ಕಳು ನಾಯಿಗಳೊಂದಿಗೆ ಹೊಳೆದಂಡೆಗೆ ಓಡಿ ಬರುತ್ತಿದ್ದರು.

"ಹಗ್ಗ ಜಗ್ಗಬ್ಯಾಡ್ರಿ, ಜಗ್ಗಿದ್ರ ಅದೂ ಜಗ್ಗತೈತಿ," ಎನ್ನುತ್ತಿದ್ದಳು. ಮಕ್ಕಳು ನಾಯಿಯ ತುಟಿ ಎತ್ತಿ ಹಲ್ಲು ತೋರಿಸುವಾಗ, "ಸಾವಕಾಶ. ಹಲ್ಲು ಅದರದು, ಬೆರಳು ನಿಮ್ಮದು."

ಅವಳ ಕೈಯಲ್ಲಿ ಪಳಗಿದವರಲ್ಲಿ ಮುರಗೆಪ್ಪನ ಮಗಳು ಚಂದ್ರಮತಿಯೇ ಮೇಲು. ಅವಳ ನಾಯಿ ಹರಣಿ. ದ್ರಾಕ್ಷಿ ತೋಟದ ಅಣ್ಣಾಸಾಬ ಆ ನಾಯಿಯ ಮೇಲೆ ಕಣ್ಣಿಟ್ಟಿದ್ದ. ತೋಟ ಕಾಯಲು ಸರಪಳಿ ಹಾಕಿ ಕಟ್ಟುವವನಿದ್ದ.

"ಸ್ಪರ್ಧಾದಾಗ ನಂಬರ್ ತಂದ್ರ ನಾಯಿ ಮನ್ಯಾಗ ಇರ್ಲಿ," ಎಂದಿದ್ದ ಮುರಗೆಪ್ಪ ಮಗಳಿಗೆ. "ಇಲ್ಲಂದ್ರ ಅಣ್ಣಾಸಾಬ್ರಿಗೆ ಕೊಡ್ತೀನಿ. ಮಾತು ಕೊಟ್ಟೀನಿ."

ಓಡಲೆಂದೇ ಹುಟ್ಟಿದ ನಾಯಿಯನ್ನು ಕಂಬಕ್ಕೆ ಕಟ್ಟುವ ಮಾತು. ಇದರ ಮೇಲೆ ಸ್ಪರ್ಧೆಯ ಕಮಿಟಿಗೆ ಅಧ್ಯಕ್ಷನೂ ಅದೇ ಅಣ್ಣಾಸಾಬ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಎಂಬತ್ತೇಳರ ಚಳಿಗಾಲ. ಮೈದಾನದಲ್ಲಿ ಹರಣಿ ನಿಂತ ನಿಲುವು ನೋಡಲು ಜನ ಹಗ್ಗದ ಬೇಲಿಗೆ ಒತ್ತಿ ಬಂದರು. ಪರೀಕ್ಷೆಗೆ ಬಂದ ಧಾರವಾಡದ ಪಶುವೈದ್ಯರು ಹಲ್ಲು ನೋಡಿದರು, ಎದೆ ಮುಟ್ಟಿದರು, ನಡೆಸಿ ನೋಡಿದರು. ಖುಷಿಯಾಗಿ, "ಬಸ್, ಬಸ್. ಭಾಳ ಛಲೋ ಐತಿ," ಎಂದರು. ಸಾಕು ಎಂಬುದಕ್ಕೆ ನಮ್ಮ ಕಡೆ ಎಲ್ಲರೂ ಹಾಗೆಯೇ ಅನ್ನುವುದು.

ಹರಣಿ ಕೂತುಬಿಟ್ಟಿತು.

ಪರೀಕ್ಷೆ ಮುಗಿಯುವ ತನಕ ನಾಯಿ ನಿಂತೇ ಇರಬೇಕು, ಕೂತರೆ ನಂಬರ್ ಹೋಗುತ್ತದೆ. ಚಂದ್ರಮತಿ ಗಾಬರಿಯಾಗಿ, "ಊಠ," ಎಂದಳು. ಹರಣಿ ಎದ್ದಿತು. "ನಾಯಿಗೆ ಊಟ ಬೇಕಂತೋ," ಎಂದು ಯಾರೋ ಕೂಗಿದರು, ಜನ ಗೊಳ್ಳೆಂದರು. ಗದ್ದಲ ನಿಲ್ಲಿಸಲು ಡಾಕ್ಟರರು ಕೈಯೆತ್ತಿ, "ಬಸ್ ಮಾಡ್ರಿ," ಎಂದರು. ಹರಣಿ ಮತ್ತೆ ಕೂತಿತು.

ಸಾವಕ್ಕ ಹಗ್ಗದ ಬೇಲಿ ದಾಟಿ ಬಂದಳು. "ಸಾಹೇಬ್ರ, ಅದಕ್ಕ ಮರಾಠಿಯಾಗ ಕಲಿಸೀನ್ರಿ. ಬಸ್ ಅಂದ್ರ ಕೂಡೂದು. ನೀವು ಅಂದ್ರಿ, ಕುಂತೈತಿ. ಹೇಳಿದ್ದು ಕೇಳೂದು ತಪ್ಪೇನ್ರಿ?"

ಡಾಕ್ಟರರು ನಕ್ಕು ಒಪ್ಪುವವರೇ ಇದ್ದರು. ಅಷ್ಟರಲ್ಲಿ ಅಣ್ಣಾಸಾಬ ಕುರ್ಚಿಯಿಂದ ಎದ್ದ. "ಕರ್ನಾಟಕದ ಮೈದಾನದಾಗ ಮರಾಠಿ ಕಲಿತ ನಾಯಿ ನಡಿಯೂದಿಲ್ಲ. ಹೊರಗ ಒಯ್ರಿ."

ಎಲಾ ಕನ್ನಡದ ಕಟ್ಟಾಳು! ಇವನ ದ್ರಾಕ್ಷಿ ಮಾರುವುದು ಸಾಂಗ್ಲಿಯಲ್ಲಿ, ಬೀಗರು ಮಿರಜಿನವರು, ಮನೆಯಲ್ಲಿ ಚಹಾ ಕೇಳುವುದೂ ಮರಾಠಿಯಲ್ಲೇ. ಕನ್ನಡದ ಮೇಲಿನ ಪ್ರೀತಿ ಅದಲ್ಲ, ನಾಯಿಯ ಮೇಲಿನ ಆಸೆ. ಚಂದ್ರಮತಿ ಹರಣಿಯನ್ನು ಹೊರಗೆ ಒಯ್ದಳು, ನಂಬರ್ ಹೋಯಿತು.

ಮರುದಿನವೇ ಅವನು ಮುರಗೆಪ್ಪನ ಅಂಗಳಕ್ಕೆ ಬಂದ. ಸುದ್ದಿ ಕೇಳಿ ಸಾವಕ್ಕನೂ ನಾನೂ ಹೋದೆವು. ಮುರಗೆಪ್ಪ ತಲೆ ತಗ್ಗಿಸಿಕೊಂಡೇ ಹಗ್ಗ ಕೊಟ್ಟ. ಅಣ್ಣಾಸಾಬ ನಾಯಿಯ ಬೆನ್ನು ತಟ್ಟಿ, "ಊಠ, ಚಲ್," ಎಂದ. ಶುದ್ಧ ಮರಾಠಿ. ಹರಣಿ ಎದ್ದು ಅವನ ಹಿಂದೆ ನಡೆಯಿತು.

"ಅಣ್ಣಾಸಾಬ್ರ," ಎಂದಳು ಸಾವಕ್ಕ, "ಮೈದಾನದಾಗ ನಡೀದ ಭಾಷಾ ನಿಮ್ಮ ತ್ವಾಟದಾಗ ನಡೀತೈತೇನ್ರಿ?"

ಅವನು ಕೇಳಿಸದವನಂತೆ ಮುಂದೆ ನಡೆದ. ಮುರಗೆಪ್ಪ ಮಾತ್ರ ತಲೆ ಎತ್ತಿ ನೋಡಿದ. ಆಗ ಬಾಗಿಲಲ್ಲಿ ನಿಂತಿದ್ದ ಚಂದ್ರಮತಿ ಮೆಲ್ಲಗೆ, "ಬಸ್," ಎಂದಳು.

ಹರಣಿ ಕೂತಿತು. ಅಣ್ಣಾಸಾಬ ಜಗ್ಗಿದ, ಬೈದ, ಅದು ಅಲುಗಲಿಲ್ಲ. ಹುಡುಗಿ ನಾಯಿಗೆ ಮರಾಠಿಯಲ್ಲಿ ಕೂಡು ಎಂದಳೋ, ನಮಗೆಲ್ಲ ಕನ್ನಡದಲ್ಲಿ ಸಾಕು ಎಂದಳೋ, ಅವಳಿಗೇ ಗೊತ್ತು. ಮುರಗೆಪ್ಪ ಹೋಗಿ ಅಣ್ಣಾಸಾಬನ ಕೈಯಿಂದ ಹಗ್ಗ ಬಿಡಿಸಿಕೊಂಡ.

ಅಂದು ಸಂಜೆಯೂ ಸಾವಕ್ಕ ಹೊಳೆದಂಡೆಯಲ್ಲಿ ಪಾಠ ಮಾಡಿದಳು, ಅದೇ ಮರಾಠಿಯಲ್ಲಿ.