ಗಿಡ್ಡ ಕೂದಲಿನ ದೊಡ್ಡ ಕೆಲಸ

ಚಳಿ ಹಿಂದೆ ಸರಿಯುವ ಕಾಲ, ದೊಡ್ಡ ನಾಯಿಗಳು ಹಳೆ ಕೂದಲು ಉದುರಿಸುವ ಹೊತ್ತು. ಬೆಳಕು ಹರಿಯುವ ಮುನ್ನವೇ ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಬ್ರಷ್ ಅಕ್ಕನ ಕೆಲಸ ಶುರುವಾಗಿದೆ. ಕರುವಿನಷ್ಟು ಎತ್ತರದ ಕಂದು ನಾಯಿ ಗೋಣಿತಾಟಿನ ಮೇಲೆ ನಿಂತಿದೆ. ಕೊರಳಿಗೆ ಹಗ್ಗವಿಲ್ಲ. ಅಕ್ಕ ರಬ್ಬರ್ ಬ್ರಷ್ಷನ್ನು ಭುಜದಿಂದ ಬಾಲದ ಕಡೆಗೆ ಎಳೆಯುತ್ತಿದ್ದಾರೆ. ಸೂಜಿಯಂಥ ಕೂದಲು ಅವರ ತೋಳಿಗೆ, ಹುಬ್ಬಿಗೆ, ಟೀ ಲೋಟದ ಅಂಚಿಗೆ ಅಂಟಿದೆ.

ನಾಯಿಯನ್ನು ತಂದವನು ಲಾರಿ ಚಾಲಕ. ಅವನ ತಾಯಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಇವತ್ತು ವಾಸನೆ ಹೋಗದಿದ್ದರೆ ಭಾನುವಾರ ನಾಯಿಯನ್ನು ಗೋದಾಮಿನ ಕಾವಲಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದವರು ಅವರೇ. ಲಾರಿ ಹತ್ತಿದರೆ ವಾರಗಟ್ಟಲೆ ಮನೆಯಲ್ಲಿರದ ಮಗ ಏನೆಂದು ಎದುರಾಡಿಯಾನು?

"ಸೋಪು ಹಾಕಮ್ಮ ಅಂದ್ರೆ ಬಾಚ್ತಾ ನಿಂತಿದೀಯ. ನೀರಿಗೆ ಬರವಾ?" ಎನ್ನುತ್ತಾರೆ ತಾಯಿ.

"ನೀರಿದೆ ಅಮ್ಮ. ಇದಕ್ಕೆ ಇವತ್ತು ಸ್ನಾನ ಇಲ್ಲ."

"ನಾಯಿ ತೊಳೆಯೋಳಿಗೆ ಜಂಬ ಬೇರೆ."

"ಜಂಬ ಇದೆ. ಮನೇಲಿ ಯಾವುದರಲ್ಲಿ ತೊಳೀತೀರ, ಅದನ್ನ ಹೇಳಿ."

ತಾಯಿ ಮಗನ ಮುಖ ನೋಡುತ್ತಾರೆ. "ನೆಲ ಒರೆಸೋ ಫಿನಾಯಿಲು. ಒಂದೇ ಮುಚ್ಚಳ, ಬಕೆಟ್ ನೀರಿಗೆ. ದಿನ ಬಿಟ್ಟು ದಿನ. ಗಿಡ್ಡ ಕೂದಲಲ್ವಾ, ನೆಲದ ಹಾಗೆ ಒರೆಸಿದ್ರೆ ಮುಗೀತು ಅಂತ."

"ಕೂದಲು ಗಿಡ್ಡ ಅಂದ್ರೆ ಕೆಲಸ ಗಿಡ್ಡ ಅಲ್ಲಮ್ಮ." ಅಕ್ಕ ನಾಯಿಯ ಹೊಟ್ಟೆಯ ಕೆಳಗಿನ ಕೆಂಪು ಚರ್ಮ ತೋರಿಸುತ್ತಾರೆ. "ಫಿನಾಯಿಲು ನಿಲ್ಲಿಸಿ. ಇದನ್ನ ಪಶುವೈದ್ಯರಿಗೆ ತೋರಿಸಿ, ನನ್ನ ಕೈಲಾಗೋದಲ್ಲ. ವಾಸನೆ ಮಾತ್ರ ನನಗೆ ಬಿಡಿ."

ಅಕ್ಕನ ಈ ಕೈ ಪಳಗಿದ್ದು ದನದ ಕೊಟ್ಟಿಗೆಯಲ್ಲಿ. ನೀರಿಗಿಂತ ಮೊದಲು ಮೈಮೇಲೆ ಕೈ ಹೋಗಬೇಕು ಎನ್ನುತ್ತಿದ್ದರಂತೆ ಎತ್ತು ತಿಕ್ಕುತ್ತಿದ್ದ ಅವ್ವ. ಪೇಟೆಗೆ ಬಂದ ಮೇಲೆ ನಾಯಿಗಳ ಸಲೂನೊಂದರಲ್ಲಿ ದುಡಿದರು. ಹೆದರಿ ನಡುಗುತ್ತಿದ್ದ ನಾಯಿಯ ಕೊರಳ ಕುಣಿಕೆ ಬಿಗಿ ಮಾಡು ಎಂದು ಸಲೂನಿನ ಮಾಲೀಕ ಹೇಳಿದ ದಿನವೇ ಏಪ್ರನ್ ಬಿಚ್ಚಿಟ್ಟು ಬಂದರು. ಈ ಶೆಡ್ಡು ಹಿಡಿದಾಗ ಓಣಿಯವರು ಕೂದಲು ಹಾರುತ್ತದೆಂದು ಜಗಳ ತೆಗೆದರು. ಅಕ್ಕ ಬಾಗಿಲಿಗೆ ಸೊಳ್ಳೆಪರದೆ ಹೊಡೆದು, ಅದರ ಮೇಲೆ ಬೋರ್ಡು ತೂಗುಹಾಕಿದರು: 'ದೊಡ್ಡ ನಾಯಿಗಳಿಗೆ ಮಾತ್ರ. ಕಟ್ಟಿಹಾಕುವುದಿಲ್ಲ.' ಅಣ್ಣ ಈಗಲೂ ನೆಂಟರ ಮುಂದೆ ತಂಗಿಗೆ ಬ್ಯೂಟಿ ಪಾರ್ಲರ್ ಇದೆ ಎನ್ನುತ್ತಾನೆ. "ಅವನ ನಾಚಿಕೆ ಅವನೇ ಇಟ್ಕೊಳ್ಲಿ. ನನ್ನ ಶೆಡ್ಡಲ್ಲಿ ಅದಕ್ಕೆ ಜಾಗ ಇಲ್ಲ," ಎನ್ನುತ್ತಾರೆ ಅಕ್ಕ.

ದಿನಕ್ಕೆ ಮೂರೇ ನಾಯಿ. ನಾಲ್ಕನೆಯದಕ್ಕೆ ಸೊಂಟ ಒಪ್ಪುವುದಿಲ್ಲ.

ಮೈ ಬಾಚಿ ಮುಗಿದಿದೆ. ಅಕ್ಕ ಮೆತ್ತನೆಯ ಬಟ್ಟೆಯನ್ನು ಉಗುರು ಬೆಚ್ಚಗಿನ ನೀರಲ್ಲಿ ಹಿಂಡಿ, ನಾಯಿಯ ಜೋಲುವ ಕೆಳತುಟಿಯನ್ನು ಬೆರಳಲ್ಲಿ ಎತ್ತುತ್ತಾರೆ. ಮಡಿಕೆಯೊಳಗೆ ಜೊಲ್ಲು, ಹಳೆಯ ಅನ್ನದ ಅಗುಳು. ವಾಸನೆ ಅಲ್ಲಿಂದಲೇ ಎದ್ದು ಶೆಡ್ಡಿಗೆಲ್ಲ ಹರಡುತ್ತದೆ. ಒರೆಸಿ, ಒಣಬಟ್ಟೆ ಒತ್ತಿ, ಇನ್ನೊಂದು ಬಟ್ಟೆಯನ್ನು ತಾಯಿಯತ್ತ ಚಾಚುತ್ತಾರೆ.

"ಆ ಕಡೆ ತುಟಿ ನೀವು ಒರೆಸಿ."

"ನಾನಾ?"

"ಮನೇಲಿರೋರು ನೀವಲ್ವಾ?"

ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ತುಟಿ ಎತ್ತಲು ಒಂದು ಕೈ, ಒರೆಸಲು ಇನ್ನೊಂದು. ಮೂಗಿನ ಕರವಸ್ತ್ರ ಪಕ್ಕಕ್ಕಿಟ್ಟು ತಾಯಿ ಸ್ಟೂಲನ್ನು ನಾಯಿಯ ಹತ್ತಿರ ಎಳೆದುಕೊಳ್ಳುತ್ತಾರೆ. ಅಳುಕುತ್ತ ಒರೆಸುತ್ತಾರೆ, ವಾಸನೆ ಇಳಿಯುವವರೆಗೆ ಮತ್ತೆ ಒರೆಸುತ್ತಾರೆ. ನಾಯಿ ನಿಟ್ಟುಸಿರಿಟ್ಟು ದವಡೆಯನ್ನು ಅವರ ತೊಡೆಗೆ ಆನಿಸುತ್ತದೆ.

"ಅಬ್ಬ, ಏನು ಭಾರ ಈ ತಲೆ," ಎಂದ ತಾಯಿ ಸರಿದು ಕೂರುವುದಿಲ್ಲ.

ಹೊರಡುವಾಗ ಮಗ ಮೆಲ್ಲಗೆ ಕೇಳುತ್ತಾನೆ, "ಭಾನುವಾರ ಗೋದಾಮಿನವರಿಗೆ ಏನು ಹೇಳ್ಲಿ?"

"ಬೇರೆ ನಾಯಿ ನೋಡ್ಕೊಳ್ಳಿ ಅನ್ನು. ಮನೇಲಿದ್ದ ದಿನ ನೀನು ಒರೆಸಬೇಕು, ತಿಳೀತಾ?"

ಆಡಿದ ಮಾತಿಗೆ ತಾಯಿ ಕ್ಷಮೆ ಕೇಳುವುದಿಲ್ಲ, ಅಕ್ಕ ಕಾಯುವುದೂ ಇಲ್ಲ. ಒರೆಸಿದ ಬಟ್ಟೆ ತಾಯಿಯ ಮುಷ್ಟಿಯಲ್ಲೇ ಓಣಿ ದಾಟುತ್ತಿದೆ.

ನಿಮ್ಮ ಬಟ್ಟೆ ಹೋಯಿತಲ್ಲ ಎಂದರೆ ಬ್ರಷ್ ಅಕ್ಕ ಗೋಣಿತಾಟು ಕೊಡವುತ್ತ ಹೇಳುತ್ತಾರೆ: "ಬಟ್ಟೆ ವಾಪಸ್ ಬಂತು ಅಂದ್ರೆ ಒರೆಸೋಕೆ ನಾಯಿ ಆ ಮನೇಲಿಲ್ಲ ಅಂತ. ಆ ಬಾಕಿ ಹಾಗೇ ಇರ್ಲಿ."